ಷರಾ ಕಾಲಂ ಇಲ್ಲದ ಮತಚೀಟಿ

2016ರ ಅಮೆರಿಕದ ಅಧ್ಯಕ್ಷ ಚುನಾವಣೆ ಹೊತ್ತಿಗೆ ಮಿಷಿಗನ್ ರಾಜ್ಯದ ಒಂದು ಕನ್ನಡ ಮನೆಯಲ್ಲಿ ನಡೆದ ಪ್ರಕರಣ ಇದು. ಹೆಸರುಗಳನ್ನು, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಗಂಡನನ್ನು ಶ್ರೀಧರ, ಹೆಂಡತಿಯನ್ನು ಸುಮ, ಕ್ಯಾಲಿಫೋರ್ನಿಯಾದಲ್ಲಿರುವ ಚಿಕ್ಕಪ್ಪನ ಮಗನನ್ನು ರವಿ ಎಂದು ಕರೆಯುತ್ತೇನೆ. ಶ್ರೀಧರನ ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಅವರನ್ನು ನಾವೆಲ್ಲ ಮೇಷ್ಟ್ರು ಅಂತಲೇ ಕರೆಯುತ್ತಿದ್ದೆವು, ಇಲ್ಲೂ ಹಾಗೇ ಇರಲಿ.

ಯಾರಿಗೆ ವೋಟು ಹಾಕಬೇಕಿತ್ತು ಅನ್ನೋದು ಇಲ್ಲಿನ ವಿಷಯ ಅಲ್ಲ. ಇಬ್ಬರೂ ಬೇಡ ಅನ್ನಿಸಿದಾಗ ಒಬ್ಬ ಮತದಾರ ಏನೇನು ಮಾಡಿ ನೋಡುತ್ತಾನೆ, ಹಾಗೆ ಮಾಡಿದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನೋದಷ್ಟೇ ನನ್ನ ಕುತೂಹಲ. ಆ ದಿನಗಳಲ್ಲಿ ನಾನು ಹೊಸದಾಗಿ ಪೌರತ್ವ ಪಡೆದ ಕನ್ನಡಿಗರಿಗೆ ಮತದಾರರ ನೋಂದಣಿ ಫಾರ್ಮ್ ತುಂಬಲು ನೆರವಾಗುತ್ತಿದ್ದೆ. ಈ ಮನೆಯವರ ಪರಿಚಯ ಆದದ್ದು ಹಾಗೆ.

ಹಿನ್ನೆಲೆ

ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳನ್ನು ನಂಬಿಕೊಂಡು ಬಂದ ಕನ್ನಡದ ಇಂಜಿನಿಯರುಗಳು ಬಹಳ. ಶ್ರೀಧರನೂ ಅವರಲ್ಲೊಬ್ಬ. ಓಕ್‌ಲ್ಯಾಂಡ್ ಕೌಂಟಿಯ ಒಂದು ಊರಿನಲ್ಲಿ ಮನೆ. 2012ರಲ್ಲಿ ಮೊದಲ ಸಲ ವೋಟು ಹಾಕಿದ್ದ. ಸುಮಳಿಗೆ ಪೌರತ್ವ ಸಿಕ್ಕಿದ್ದು 2015ರಲ್ಲಿ, ಹಾಗಾಗಿ ಇದು ಅವಳ ಮೊದಲ ಅಧ್ಯಕ್ಷ ಚುನಾವಣೆ. ಮೇಷ್ಟ್ರು ತುಮಕೂರು ಜಿಲ್ಲೆಯಿಂದ ಆರು ತಿಂಗಳ ವೀಸಾದಲ್ಲಿ ಬಂದಿದ್ದರು. ಅವರಿಗೆ ಅಲ್ಲಿ ವೋಟಿಲ್ಲ. ಆದರೆ ಆ ಮನೆಯಲ್ಲಿ ಚುನಾವಣೆಯನ್ನು ಒಳಗಿನಿಂದ ಬಲ್ಲವರು ಅವರೊಬ್ಬರೇ. ಮೂವತ್ತು ವರ್ಷದ ಸರ್ವಿಸಿನಲ್ಲಿ ಮಸ್ಟರಿಂಗ್, ಡಿಮಸ್ಟರಿಂಗ್ ಅಂತ ಎಷ್ಟು ಸಲ ಅಲೆದಿದ್ದರೋ. ಕೊನೆ ಕೊನೆಗೆ ಪ್ರಿಸೈಡಿಂಗ್ ಆಫೀಸರೂ ಆಗಿದ್ದರು.

ಆ ವರ್ಷ ಕಣದಲ್ಲಿದ್ದ ಇಬ್ಬರ ಬಗ್ಗೆ ಜನರಿಗೆ ಎಷ್ಟು ಬೇಸರವಿತ್ತು ಅನ್ನೋದಕ್ಕೆ ಗ್ಯಾಲಪ್ ಸಮೀಕ್ಷೆಯ ಲೆಕ್ಕವೇ ಇದೆ. ಚುನಾವಣೆಯ ಹೊಸ್ತಿಲಲ್ಲಿ ಡೊನಾಲ್ಡ್ ಟ್ರಂಪ್ ಬಗ್ಗೆ ಒಳ್ಳೆ ಅಭಿಪ್ರಾಯ ಇಲ್ಲ ಅಂದವರು ಶೇ 61. ಹಿಲರಿ ಕ್ಲಿಂಟನ್ ಬಗ್ಗೆ ಹಾಗೆ ಅಂದವರು ಶೇ 52. ಮತಗಟ್ಟೆಯಿಂದ ಹೊರಬಂದವರನ್ನು ಕೇಳಿದಾಗ, ಸುಮಾರು ಶೇ 18 ಮಂದಿ ಇಬ್ಬರೂ ಇಷ್ಟವಿಲ್ಲ ಎಂದಿದ್ದರು. ಇಷ್ಟವಿಲ್ಲದೆಯೂ ಬಂದು ವೋಟು ಹಾಕಿ ಹೋದವರು ಇವರು. ಬಾರದೇ ಮನೆಯಲ್ಲೇ ಉಳಿದವರು ಈ ಲೆಕ್ಕದಲ್ಲಿಲ್ಲ.

ಸಮಸ್ಯೆ ಶುರುವಾದದ್ದು ಯಾವಾಗ

ಶ್ರೀಧರನ ಪ್ರಕಾರ ಅಕ್ಟೋಬರ್‌ನಲ್ಲಿ. ನನ್ನ ಪ್ರಕಾರ ಮಾರ್ಚ್‌ನಲ್ಲಿ.

2016ರ ಮಾರ್ಚ್ 8ರಂದು ಮಿಷಿಗನ್‌ನಲ್ಲಿ ಪ್ರೈಮರಿ ನಡೆಯಿತು. ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಮತದಾರರೇ ಆರಿಸುವ ಸುತ್ತು ಅದು. ಮಿಷಿಗನ್‌ನಲ್ಲಿ ಪಕ್ಷದ ಸದಸ್ಯರಾಗಿ ಹೆಸರು ಬರೆಸಬೇಕಿಲ್ಲ. ಮತಗಟ್ಟೆಗೆ ಹೋಗಿ ಯಾವ ಪಕ್ಷದ ಚೀಟಿ ಬೇಕು ಅಂತ ಬರೆದುಕೊಟ್ಟರೆ ಸಾಕು. ಶ್ರೀಧರನಿಗೆ ಪಕ್ಕದ ಒಹಾಯೋ ರಾಜ್ಯದ ಗವರ್ನರ್ ಜಾನ್ ಕೇಸಿಕ್ ಇಷ್ಟ. ರಿಪಬ್ಲಿಕನ್ ಚೀಟಿ ಕೇಳಿ ಅವರಿಗೊಂದು ವೋಟು ಹಾಕಬಹುದಿತ್ತು. ಹಾಕಲಿಲ್ಲ. ಆಫೀಸಿನಲ್ಲಿ ಕೆಲಸ ಜಾಸ್ತಿ ಇತ್ತು ಅನ್ನೋದು ಒಂದು ಕಾರಣ. ಯಾವ ಪಕ್ಷದ ಚೀಟಿ ತಗೊಂಡೆ ಅನ್ನೋದು ದಾಖಲೆಯಲ್ಲಿ ಉಳಿಯುತ್ತದಲ್ಲ ಅನ್ನೋ ಅಳುಕು ಇನ್ನೊಂದು. ‘ಅವರ ಪಕ್ಷದೊಳಗಿನ ಜಗಳ, ನಮಗ್ಯಾಕೆ’ ಅನ್ನೋದು ಮೂರನೆಯದು. ಈ ಮೂರನೆಯದೇ ನಿಜವಾದ ಕಾರಣ ಅಂತ ನನ್ನ ಗುಮಾನಿ.

ಆ ದಿನ ಟ್ರಂಪ್‌ಗೆ ಶೇ 36ರಷ್ಟು ವೋಟು ಬಂತು, ಗೆದ್ದರು. ಕೇಸಿಕ್‌ಗೆ ಶೇ 24, ಮೂರನೇ ಸ್ಥಾನ. ಡೆಮಾಕ್ರಟಿಕ್ ಕಡೆ ಬರ್ನಿ ಸ್ಯಾಂಡರ್ಸ್ ಸುಮಾರು 17,000 ವೋಟಿನಿಂದ ಕ್ಲಿಂಟನ್ ಅವರನ್ನು ಸೋಲಿಸಿದರು, ಯಾರೂ ನಿರೀಕ್ಷಿಸಿರಲಿಲ್ಲ. ದೇಶದ ಲೆಕ್ಕ ತೆಗೆದರೆ ಇಡೀ ಪ್ರೈಮರಿಯಲ್ಲಿ ಟ್ರಂಪ್‌ಗೆ ಬಂದದ್ದು ಸುಮಾರು 1.4 ಕೋಟಿ ವೋಟು, ಕ್ಲಿಂಟನ್‌ಗೆ ಸುಮಾರು 1.7 ಕೋಟಿ. ನವೆಂಬರ್‌ನಲ್ಲಿ ವೋಟು ಹಾಕಿದವರು 13.6 ಕೋಟಿ ಜನ. ಅಂದರೆ ಅಡುಗೆ ಏನು ಮಾಡಬೇಕು ಅಂತ ಮೂರು ಕೋಟಿ ಜನ ತೀರ್ಮಾನ ಮಾಡಿ ಆಗಿತ್ತು. ಉಳಿದವರು ಎಲೆ ಮುಂದೆ ಕೂತ ಮೇಲೆ ‘ಇದೇನಿದು, ಎರಡೇ ಪಲ್ಯ, ಎರಡೂ ಸೇರಲ್ಲ’ ಅಂತ ಮುಖ ಸಿಂಡರಿಸಿದರು.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಬೇಕಾಗುತ್ತದೆ. ಮಿಷಿಗನ್‌ನ ಪ್ರೈಮರಿ ಚೀಟಿಯಲ್ಲಿ ಅಭ್ಯರ್ಥಿಗಳ ಹೆಸರಿನ ಕೆಳಗೆ ‘ಅನ್‌ಕಮಿಟೆಡ್’ ಅಂತ ಒಂದು ಸಾಲು ಇರುತ್ತದೆ. ಇವರಲ್ಲಿ ಯಾರಿಗೂ ಇಲ್ಲ ಅಂತ. 2016ರಲ್ಲಿ ಎರಡೂ ಪಕ್ಷಗಳ ಚೀಟಿಯಲ್ಲಿ ತಲಾ 20,000ಕ್ಕೂ ಹೆಚ್ಚು ಜನ ಅದನ್ನು ತುಂಬಿದ್ದರು. ಶ್ರೀಧರನಿಗೆ ಆ ಸಾಲು ಇದೆ ಅನ್ನೋದೇ ಗೊತ್ತಿರಲಿಲ್ಲ.

ಅಕ್ಟೋಬರ್‌ನ ಊಟದ ಮೇಜು

ಸೆಪ್ಟೆಂಬರ್ 26ರಿಂದ ಅಕ್ಟೋಬರ್ 19ರೊಳಗೆ ಮೂರು ಚರ್ಚೆಗಳಾದವು. ಅಕ್ಟೋಬರ್ 7ರಂದು ಟ್ರಂಪ್ ಹೆಂಗಸರ ಬಗ್ಗೆ ಆಡಿದ್ದ ಹಳೇ ಮಾತಿನ ಟೇಪು ಹೊರಬಂತು. ಕ್ಲಿಂಟನ್ ವಿದೇಶಾಂಗ ಮಂತ್ರಿಯಾಗಿದ್ದಾಗ ಸರ್ಕಾರಿ ಕೆಲಸಕ್ಕೂ ಬಳಸಿದ್ದ ಖಾಸಗಿ ಇಮೇಲ್ ಸರ್ವರ್ ಕಥೆ ಮುಗಿಯಲೇ ಇಲ್ಲ. ಬ್ಯಾಂಕುಗಳಲ್ಲಿ ದುಡ್ಡು ತಗೊಂಡು ಮಾಡಿದ ಭಾಷಣಗಳು, 2002ರಲ್ಲಿ ಇರಾಕ್ ಯುದ್ಧದ ಪರ ಹಾಕಿದ ವೋಟು ಎಲ್ಲ ಮತ್ತೆ ಮೇಲೆ ಬಂದವು. ಟ್ರಂಪ್ ತಮ್ಮ ತೆರಿಗೆ ಪತ್ರಗಳನ್ನು ತೋರಿಸಲೇ ಇಲ್ಲ. ಅಕ್ಟೋಬರ್ 15ರಂದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಹಿಂದೂಗಳ ಸಭೆಯೊಂದಕ್ಕೆ ಬಂದು ಮೆಚ್ಚುಗೆಯ ಮಾತಾಡಿ ಹೋದರು. ಅವತ್ತು ರಾತ್ರಿ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಗಂಟೆಗೆ ನೂರಾರು ಮೆಸೇಜು. ಮರುದಿನ ಇಬ್ಬರು ಗುಂಪು ಬಿಟ್ಟರು.

ಶ್ರೀಧರ ಮನೆಯಲ್ಲಿ ಒಂದೇ ಮಾತು ಹೇಳುತ್ತಿದ್ದ. ‘ಮೂವತ್ತೆರಡು ಕೋಟಿ ಜನ ಇರೋ ದೇಶದಲ್ಲಿ ಇವರಿಬ್ಬರೇನಾ ಸಿಕ್ಕಿದ್ದು?’

ಮೇಷ್ಟ್ರು ಒಂದು ದಿನ ಮಜ್ಜಿಗೆ ಅನ್ನ ಕಲಸುತ್ತಾ ಅಂದರು: ‘ನೀನು ಮನೆಗೆ ಅಳಿಯನ್ನ ಹುಡುಕ್ತಾ ಇಲ್ಲ ಕಣಪ್ಪ. ಊರಿಗೆ ಹೋಗುವಾಗ ಬೀಗದಕೈ ಯಾರ ಹತ್ರ ಕೊಟ್ಟು ಹೋಗ್ತೀಯಾ, ಅಷ್ಟು ನೋಡು.’

‘ಇಬ್ಬರ ಹತ್ರಾನೂ ಕೊಡೋಕೆ ಮನಸ್ಸಿಲ್ಲ ಅಪ್ಪ.’

‘ಹಾಗಾದ್ರೆ ಬಾಗಿಲು ತೆಗೆದಿಟ್ಟು ಹೋಗ್ತೀಯಾ?’

‘ನಾನು ಕೊಡದಿದ್ರೂ ಯಾರಾದ್ರೂ ಕೊಡ್ತಾರೆ ಬಿಡಿ. ನನ್ನ ಕೈಯಿಂದ ಆಗೋದು ಬೇಡ.’

ನನಗೆ ಈ ಮಾತುಕತೆ ಹೇಳಿದ್ದು ಸುಮ. ಕೊನೆಯ ಆ ವಾಕ್ಯ ನೋಡಿ. ಶ್ರೀಧರನಿಗೆ ಬೇಕಿದ್ದದ್ದು ಮೂರನೇ ಅಭ್ಯರ್ಥಿ ಅಲ್ಲ. ಕೈ ತೊಳೆದುಕೊಳ್ಳುವುದಕ್ಕೆ ಒಂದು ಜಾಗ.

ಏನೇನು ಮಾಡಿ ನೋಡಿದ

ಮೊದಲು ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್. ಸೆಪ್ಟೆಂಬರ್ 8ರಂದು ಟೀವಿಯಲ್ಲಿ ಸಿರಿಯಾದ ಅಲೆಪ್ಪೊ ನಗರದ ಬಗ್ಗೆ ಕೇಳಿದಾಗ, ಜಾನ್ಸನ್ ‘ಅಲೆಪ್ಪೊ ಅಂದ್ರೆ ಏನು’ ಅಂತ ತಿರುಗಿ ಕೇಳಿದ್ದರು. ಸಿರಿಯಾದ ಯುದ್ಧ ದಿನಾ ಸುದ್ದಿಯಲ್ಲಿದ್ದ ಕಾಲ ಅದು. ಶ್ರೀಧರನಿಗೆ ಮುಜುಗರ ಆಯಿತು, ಆದರೂ ಬಿಡಲಿಲ್ಲ. ಅವನ ತರ್ಕ ಹೀಗಿತ್ತು: ದೇಶದಲ್ಲಿ ಶೇ 5 ವೋಟು ಬಂದರೆ ಆ ಪಕ್ಷಕ್ಕೆ ಮುಂದಿನ ಚುನಾವಣೆಗೆ ಸರ್ಕಾರದ ಹಣ ಸಿಗುತ್ತದೆ. ಗೆಲ್ಲದಿದ್ದರೂ ವೋಟಿಗೆ ಒಂದು ಅರ್ಥ ಇರುತ್ತದೆ. ತರ್ಕ ತಪ್ಪಲ್ಲ. ಕೊನೆಗೆ ಜಾನ್ಸನ್‌ಗೆ ಬಂದದ್ದು ಶೇ 3.3.

ಆಮೇಲೆ ಚೀಟಿಯಲ್ಲಿ ತನಗೆ ಬೇಕಾದ ಹೆಸರು ಬರೆಯುವ ದಾರಿ. ‘ಅಣ್ಣಾವ್ರ ಹೆಸರು ಬರೆದು ಬಂದುಬಿಡ್ತೀನಿ’ ಅಂತ ತಮಾಷೆ ಮಾಡುತ್ತಿದ್ದ. ತಮಾಷೆಯಾಗಿಯೂ ಅದು ನಡೆಯುವುದಿಲ್ಲ. ‘ನನ್ನ ಹೆಸರು ಬರೆದರೆ ಎಣಿಸಿ’ ಅಂತ ಮೊದಲೇ ಅರ್ಜಿ ಕೊಟ್ಟವರ ಹೆಸರನ್ನು ಮಾತ್ರ ಮಿಷಿಗನ್‌ನಲ್ಲಿ ಎಣಿಸುತ್ತಾರೆ.

ಮೂರನೆಯದೇ ಈ ಪ್ರಕರಣದ ಗಂಟು. ವೋಟು ಅದಲುಬದಲು.

ಅಮೆರಿಕದಲ್ಲಿ ಅಧ್ಯಕ್ಷರನ್ನು ದೇಶದ ಒಟ್ಟು ವೋಟಿನಿಂದ ಆರಿಸುವುದಿಲ್ಲ. ಹೆಚ್ಚೂಕಡಿಮೆ ಎಲ್ಲ ರಾಜ್ಯಗಳಲ್ಲೂ, ಆ ರಾಜ್ಯದಲ್ಲಿ ಒಂದು ವೋಟು ಜಾಸ್ತಿ ಪಡೆದವರಿಗೆ ಅಲ್ಲಿನ ಎಲ್ಲಾ ಎಲೆಕ್ಟರುಗಳೂ, ಅಂದರೆ ಕೊನೆಗೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳು, ಹೋಗುತ್ತಾರೆ. ಕ್ಯಾಲಿಫೋರ್ನಿಯಾ ಕ್ಲಿಂಟನ್‌ಗೆ ಅಂತ ಎಲ್ಲರಿಗೂ ಗೊತ್ತಿತ್ತು. ಮಿಷಿಗನ್ ಯಾವ ಕಡೆ ವಾಲುತ್ತದೋ ಗೊತ್ತಿರಲಿಲ್ಲ. ಹಾಗಾಗಿ ಎರಡು ಕಡೆ ಇರುವ ಗೆಳೆಯರು ವೋಟು ಬದಲಾಯಿಸಿಕೊಳ್ಳುವ ಪದ್ಧತಿ 2000ನೇ ಇಸವಿಯಿಂದಲೇ ಇದೆ. ಆಗ ಗ್ರೀನ್ ಪಕ್ಷದ ರಾಲ್ಫ್ ನೇಡರ್ ಪರ ಇದ್ದವರು ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ ಪರ ಇದ್ದವರ ಜೊತೆ ಹೀಗೆ ಮಾಡಿಕೊಂಡಿದ್ದರು. ಇದಕ್ಕಾಗಿ ಜಾಲತಾಣಗಳಿದ್ದವು, ಅವು ಕೋರ್ಟಿಗೂ ಹೋದವು. ಹಣದ ಮಾತಿಲ್ಲದಿದ್ದರೆ ಇದು ವಾಕ್‌ಸ್ವಾತಂತ್ರ್ಯದ ಒಳಗೇ ಬರುತ್ತದೆ ಅಂತ 2007ರಲ್ಲಿ ಒಂಬತ್ತನೇ ಸರ್ಕಿಟ್ ಕೋರ್ಟು, ಅಂದರೆ ಕ್ಯಾಲಿಫೋರ್ನಿಯಾ ಕಡೆಯ ರಾಜ್ಯಗಳ ಮೇಲ್ಮನವಿ ಕೋರ್ಟು, ಹೇಳಿತು. ಮಿಷಿಗನ್ ಆ ಕೋರ್ಟಿನ ವ್ಯಾಪ್ತಿಗೆ ಬರುವುದಿಲ್ಲ, ಅದು ಬೇರೆ ಮಾತು.

ಅಕ್ಟೋಬರ್ ಮಧ್ಯದಲ್ಲಿ ರವಿ ಫೋನ್ ಮಾಡಿದ. ‘ಅಣ್ಣ, ನಂದು ಇಲ್ಲಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನಾನು ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನಿನ್ನ ಜಾನ್ಸನ್‌ಗೆ ನಾನಿಲ್ಲಿ ಹಾಕ್ತೀನಿ. ನೀನಲ್ಲಿ ಕ್ಲಿಂಟನ್‌ಗೆ ಹಾಕು. ನಿನ್ನ ಪಕ್ಷದ ಲೆಕ್ಕಕ್ಕೂ ಒಂದು ಬಂತು, ನನಗೂ ಸಮಾಧಾನ.’

ಶ್ರೀಧರ ಅರ್ಧ ಗಂಟೆ ವಾದ ಮಾಡಿದ. ಕೊನೆಗೆ ಅಂದದ್ದು: ‘ಸರಿ, ಸರಿ. ನೋಡೋಣ.’

ಈ ‘ಸರಿ’ಯ ಮೇಲೆ ನಾನು ಆಮೇಲೆ ಇಬ್ಬರ ಜೊತೆಗೂ ಕೂತು ಗಂಟೆಗಟ್ಟಲೆ ಮಾತಾಡಿದ್ದೇನೆ. ನಮ್ಮಲ್ಲಿ ಸರಿ ಅಂದರೆ ಒಪ್ಪಿದೆ ಅಂತಲೂ ಆಗುತ್ತದೆ, ಫೋನ್ ಇಡ್ತೀನಿ ಅಂತಲೂ ಆಗುತ್ತದೆ. ರವಿ ಮೊದಲನೆಯದು ಅಂದುಕೊಂಡ. ಶ್ರೀಧರ ಹೇಳಿದ್ದು ಬಹುಶಃ ಎರಡನೆಯದು. ಬಹುಶಃ ಅಂತ ಯಾಕಂದೆ ಅಂದರೆ, ಆ ಹೊತ್ತಿಗೆ ಅವನಿಗೇ ಅದು ಸ್ಪಷ್ಟ ಇರಲಿಲ್ಲ.

ರವಿಗೆ ಚೀಟಿ ಮನೆಗೇ ಅಂಚೆಯಲ್ಲಿ ಬಂದಿತ್ತು. ಒಂದು ವಾರದೊಳಗೆ ಜಾನ್ಸನ್ ಹೆಸರಿನ ಮುಂದೆ ತುಂಬಿ, ಲಕೋಟೆಗೆ ಸಹಿ ಹಾಕಿ, ಅಂಚೆ ಡಬ್ಬಿಗೆ ಹಾಕಿಬಿಟ್ಟ. ‘ಆಯ್ತು ಅಣ್ಣ, ಕಳಿಸಿದೆ’ ಅಂತ ಮೆಸೇಜು. ಶ್ರೀಧರ ಅದಕ್ಕೆ ಹೆಬ್ಬೆಟ್ಟಿನ ಚಿತ್ರ ಒತ್ತಿದ. ಆ ಹೆಬ್ಬೆಟ್ಟಿನಲ್ಲೇ ವ್ಯವಹಾರ ಮುಗಿದಿತ್ತು ಅಂತ ರವಿಯ ವಾದ. ಊರ ಕಡೆ ಹೆಬ್ಬೆಟ್ಟು ಒತ್ತಿದರೆ ಅಷ್ಟೇ ತಾನೇ ಅರ್ಥ?

ಅಕ್ಟೋಬರ್ 28ರಂದು ಎಫ್‌ಬಿಐ ನಿರ್ದೇಶಕ ಜೇಮ್ಸ್ ಕೋಮಿ, ಕ್ಲಿಂಟನ್ ಇಮೇಲ್ ತನಿಖೆಗೆ ಸಂಬಂಧಪಟ್ಟಂತೆ ಹೊಸ ಇಮೇಲ್‌ಗಳು ಸಿಕ್ಕಿವೆ ಅಂತ ಸಂಸತ್ತಿಗೆ ಪತ್ರ ಬರೆದರು. ಚುನಾವಣೆಗೆ ಹನ್ನೊಂದು ದಿನ ಇತ್ತು. ಶ್ರೀಧರನ ಮನಸ್ಸು ಮತ್ತೆ ಕಹಿಯಾಯಿತು. ರವಿಗೆ ಫೋನ್ ಮಾಡಿ ‘ನನ್ನ ಕೈಲಿ ಆಗಲ್ಲ ಕಣೋ’ ಅನ್ನಬೇಕಿತ್ತು. ಅದೊಂದು ಫೋನ್ ಮಾಡಲಿಲ್ಲ.

ಮೇಷ್ಟ್ರ ರಿಜಿಸ್ಟರು

ಅದೇ ವಾರ ಸುಮ ಮಾದರಿ ಮತಚೀಟಿಯನ್ನು ಪ್ರಿಂಟ್ ತೆಗೆದು ಊಟದ ಮೇಜಿನ ಮೇಲೆ ಹರಡಿದಳು. ಎರಡೂ ಕಡೆ ಸಣ್ಣ ಅಕ್ಷರ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು. ಅಧ್ಯಕ್ಷರ ಹುದ್ದೆ ಅದರಲ್ಲಿ ಒಂದು ಸಣ್ಣ ಚೌಕ ಅಷ್ಟೇ. ಆಮೇಲೆ ಸಂಸತ್ತು, ರಾಜ್ಯದ ಶಾಸನಸಭೆ, ರಾಜ್ಯ ಶಿಕ್ಷಣ ಮಂಡಳಿ, ಮೂರು ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿ, ಕೌಂಟಿಯ ನೀರು-ಚರಂಡಿ ನೋಡಿಕೊಳ್ಳುವವರು, ನ್ಯಾಯಾಧೀಶರು. ‘ಜಡ್ಜಿಗೂ ಎಲೆಕ್ಷನ್ನಾ!’ ಅಂತ ಅವರಿಗೆ ಆಶ್ಚರ್ಯ. ‘ಇಷ್ಟು ಜನ ಇದಾರೆ, ನೀವಿಬ್ರೂ ಮೇಲಿನ ಒಂದು ಸಾಲು ಹಿಡ್ಕೊಂಡು ತಿಂಗಳಿಂದ ಅಳ್ತಾ ಇದೀರಲ್ಲ!’

ಆಮೇಲೆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: ‘ಇದರಲ್ಲಿ ಷರಾ ಕಾಲಂ ಎಲ್ಲಿದೆ?’

ಅವರ ಮನಸ್ಸಿನಲ್ಲಿದ್ದದ್ದು 17-ಎ ರಿಜಿಸ್ಟರು. ಭಾರತದಲ್ಲಿ ಮತಗಟ್ಟೆಗೆ ಬಂದ ಪ್ರತಿ ಮತದಾರನೂ ಸಹಿ ಹಾಕುವ ಪುಸ್ತಕ. 1961ರ ಚುನಾವಣಾ ನಿಯಮಗಳಲ್ಲಿ 49-ಓ ಅಂತ ಒಂದಿದೆ. ಸಹಿ ಹಾಕಿದ ಮೇಲೆ ಯಾರಿಗಾದರೂ ವೋಟು ಹಾಕಲು ಮನಸ್ಸಿಲ್ಲದಿದ್ದರೆ, ಪ್ರಿಸೈಡಿಂಗ್ ಆಫೀಸರು ಅವರ ಹೆಸರಿನ ಮುಂದೆ ಷರಾ ಬರೆದು ಸಹಿ ತೆಗೆದುಕೊಳ್ಳಬೇಕು. 2008ರ ವಿಧಾನಸಭೆ ಚುನಾವಣೆಯಲ್ಲಿ ಮೇಷ್ಟ್ರ ಬೂತಿಗೆ ಒಬ್ಬ ಹುಡುಗ ಬಂದು ‘ನನಗೆ ಯಾರೂ ಬೇಡ, ಬರ್ಕೊಳ್ಳಿ ಸಾರ್’ ಅಂದನಂತೆ. ಏಜೆಂಟರೆಲ್ಲ ಕತ್ತೆತ್ತಿ ನೋಡಿದರು. ಮೇಷ್ಟ್ರು ‘ಮತ ಚಲಾಯಿಸಲು ನಿರಾಕರಿಸಿದ್ದಾರೆ’ ಅಂತ ಬರೆದು ಸಹಿ ಹಾಕಿಸಿದರು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು. ‘ಆ ಹುಡುಗ ಮೂರು ಪಕ್ಷದವರಿಗೂ ಬೇಡವಾದ’ ಅಂದರು ಮೇಷ್ಟ್ರು.

ಹೀಗೆ ಗುಟ್ಟು ರಟ್ಟಾಗುತ್ತದೆ ಅನ್ನೋ ಕಾರಣಕ್ಕೇ ಸುಪ್ರೀಂ ಕೋರ್ಟು 2013ರ ಸೆಪ್ಟೆಂಬರ್ 27ರಂದು ಯಂತ್ರದಲ್ಲೇ ನೋಟಾ ಗುಂಡಿ ಇಡಿ ಅಂತ ಹೇಳಿದ್ದು. ಅದು ಬಂದ ಮೇಲೂ ನೋಟಾಗೆ ಎಷ್ಟೇ ವೋಟು ಬೀಳಲಿ, ಉಳಿದವರಲ್ಲಿ ಮುಂದಿದ್ದವರೇ ಗೆಲ್ಲುತ್ತಾರೆ. ಆದರೆ ಎಣಿಸುತ್ತಾರೆ, ಹೇಳುತ್ತಾರೆ, ಮರುದಿನ ಪೇಪರಿನಲ್ಲಿ ಬರುತ್ತದೆ. ಅಮೆರಿಕದಲ್ಲೂ ನೆವಾಡ ರಾಜ್ಯದ ಚೀಟಿಯಲ್ಲಿ 1975ರಿಂದ ಈ ಸಾಲು ಇದೆ. 2016ರಲ್ಲಿ ಅಲ್ಲಿ ‘ಇವರಲ್ಲಿ ಯಾರೂ ಬೇಡ’ ಅಂದವರು 28,863. ಕ್ಲಿಂಟನ್ ಗೆದ್ದ ಅಂತರ 27,202. ಫ್ರಾನ್ಸಿನಲ್ಲಿ ಖಾಲಿ ಚೀಟಿಗಳನ್ನು 2014ರಿಂದ ಬೇರೆಯಾಗಿಯೇ ಲೆಕ್ಕ ಹಾಕುತ್ತಾರೆ. 2017ರ ಅಧ್ಯಕ್ಷ ಚುನಾವಣೆಯ ಕೊನೇ ಸುತ್ತಿನಲ್ಲಿ ಖಾಲಿ ಮತ್ತು ಕುಲಗೆಟ್ಟ ಚೀಟಿ ಸೇರಿ 40 ಲಕ್ಷ ದಾಟಿತ್ತು.

ಮಿಷಿಗನ್ ಚೀಟಿಯಲ್ಲಿ ನವೆಂಬರ್‌ಗೆ ಅಂಥ ಸಾಲು ಇಲ್ಲ.

ಸುಮಳ ಲಕೋಟೆ

ಸುಮಳಿಗೂ ಇಬ್ಬರೂ ಇಷ್ಟವಿರಲಿಲ್ಲ. ಆದರೆ ಮಾವನ ಬೀಗದಕೈ ಮಾತು ಅವಳ ತಲೆಯಲ್ಲಿ ಕೂತಿತು. ಕರೆಂಟ್ ಬಿಲ್ಲಿನ ಲಕೋಟೆಯ ಹಿಂದೆ ಮೂರು ಪ್ರಶ್ನೆ ಬರೆದಳು. ನಾನು ಆ ಲಕೋಟೆ ನೋಡಿದ್ದೇನೆ, ಮೂಲೆಯಲ್ಲಿ ಸಾರಿನ ಕಲೆ ಇತ್ತು. ಒಂದು: ಸುಪ್ರೀಂ ಕೋರ್ಟಿನ ಖಾಲಿ ಕುರ್ಚಿಗೆ ಇವರು ಯಾರನ್ನು ಕೂರಿಸುತ್ತಾರೆ? ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರಿಕೊಂಡಿದ್ದರು. ಒಬಾಮ ಹೆಸರಿಸಿದ ಮೆರಿಕ್ ಗಾರ್ಲಂಡ್ ಅವರನ್ನು ಸೆನೆಟ್ ವಿಚಾರಣೆಗೂ ಕರೆದಿರಲಿಲ್ಲ. ಎರಡು: ತಪ್ಪು ಮಾಡಿದರೆ ಇವರನ್ನು ಸಂಸತ್ತು ತಡೆಯುತ್ತದಾ? ಮೂರು: ನಾಲ್ಕು ವರ್ಷದ ನಂತರ ಸರಿಪಡಿಸಲಾಗದ್ದು ಇವರ ಕೈಯಲ್ಲಿ ಏನಾಗಬಹುದು?

ಇದರಲ್ಲಿ ‘ಒಳ್ಳೆಯವರು ಯಾರು’ ಅನ್ನೋ ಪ್ರಶ್ನೆಯೇ ಇಲ್ಲ. ಮೂರಕ್ಕೂ ಉತ್ತರ ಬರೆದು, ಎರಡು ದಿನ ಬಿಟ್ಟು ಮತ್ತೆ ಓದಿ, ಒಬ್ಬರನ್ನು ತೀರ್ಮಾನ ಮಾಡಿದಳು. ಯಾರನ್ನು ಅಂತ ನಾನು ಬರೆಯುವುದಿಲ್ಲ. ಬರೆದರೆ ಓದುವವರು ಅವಳ ಲೆಕ್ಕ ಬಿಟ್ಟು ಅವಳ ಪಕ್ಷವನ್ನೇ ನೋಡುತ್ತಾರೆ.

ಚೀಟಿಯ ಇನ್ನೊಂದು ಸಾಲು ಅವಳನ್ನು ಜಾಸ್ತಿ ಹಿಡಿದಿತ್ತು. ವೇನ್, ಓಕ್‌ಲ್ಯಾಂಡ್, ಮ್ಯಾಕೂಂಬ್, ವಾಷ್ಟಿನಾ ಎಂಬ ನಾಲ್ಕು ಕೌಂಟಿಗಳಿಗೂ ಬಸ್ಸು ಜಾಲ ಹರಡಲು ಒಂದು ಆಸ್ತಿ ತೆರಿಗೆ. ತೆರಿಗೆಗೆ ಲೆಕ್ಕ ಹಿಡಿಯುವ ಆಸ್ತಿ ಬೆಲೆಯ ಪ್ರತಿ ಸಾವಿರ ಡಾಲರಿಗೆ ವರ್ಷಕ್ಕೆ 1 ಡಾಲರ್ 20 ಸೆಂಟು, ಇಪ್ಪತ್ತು ವರ್ಷ. ಅವರ ಊರು ಬಸ್ಸೇ ಬೇಡ ಅಂತ ಹೊರಗುಳಿದಿದ್ದ ಊರುಗಳಲ್ಲಿ ಒಂದು. ಮೇಷ್ಟ್ರಿಗೆ ಕಾರು ಓಡಿಸಲು ಬರುವುದಿಲ್ಲ. ಬೆಳಗ್ಗೆ ಎಂಟಕ್ಕೆ ಮಗ-ಸೊಸೆ ಹೋದರೆ ಸಂಜೆ ಆರರವರೆಗೆ ಕಿಟಕಿ ಪಕ್ಕ ಕೂರುವುದು. ತುಮಕೂರಿನಲ್ಲಿ ದಿನಕ್ಕೆ ಎರಡು ಸಲ ಬಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದ ಮನುಷ್ಯ. ಆ ಸಾಲಿಗೆ ಏನು ಹಾಕಬೇಕು ಅಂತ ಸುಮಳಿಗೆ ಲಕೋಟೆ ಬೇಕಾಗಲಿಲ್ಲ.

ಆ ಮಂಗಳವಾರ

ನವೆಂಬರ್ 8. ಪ್ರಾಥಮಿಕ ಶಾಲೆಯ ಆಟದ ಹಾಲ್‌ನಲ್ಲಿ ಮತಗಟ್ಟೆ. ಬೆಳಗ್ಗೆ ಏಳಕ್ಕೆ ಬಾಗಿಲು ತೆರೆದಾಗಲೇ ಸಾಲು ಹೊರಗಿನ ತನಕ ಬಂದಿತ್ತು. ಮಿಷಿಗನ್‌ನಲ್ಲಿ ಆಗ ಅಂಚೆಯಲ್ಲಿ ವೋಟು ಹಾಕಬೇಕಾದರೆ ಅರವತ್ತು ವರ್ಷ ಆಗಿರಬೇಕು, ಇಲ್ಲವೇ ಊರಲ್ಲಿಲ್ಲ ಅನ್ನೋ ಥರದ ಕಾರಣ ಕೊಡಬೇಕಿತ್ತು.

ಶ್ರೀಧರ ಹಿಂದಿನ ಪುಟದಿಂದ ಶುರುಮಾಡಿದ. ಬಸ್ಸು, ನ್ಯಾಯಾಧೀಶರು, ಶಿಕ್ಷಣ ಮಂಡಳಿ ಎಲ್ಲ ತುಂಬಿದ. ಕೊನೆಗೆ ಮುಂದಿನ ಪುಟದ ಆ ಚೌಕ. ಪೆನ್ನಿನ ತುದಿಯನ್ನು ಕ್ಲಿಂಟನ್ ಹೆಸರಿನ ಪಕ್ಕದ ಸೊನ್ನೆಯ ಮೇಲೆ ಇಟ್ಟನಂತೆ. ಒತ್ತಲಿಲ್ಲ. ಜಾನ್ಸನ್ ಕಡೆ ಕೈ ಹೋಯಿತು. ರವಿ ಅಲ್ಲಿ ಆಗಲೇ ಜಾನ್ಸನ್‌ಗೆ ಹಾಕಿದ್ದಾನೆ, ನಾನೂ ಹಾಕಿದರೆ ಅದು ಪೂರಾ ಮೋಸ ಅನ್ನಿಸಿತು. ಚೌಕ ಖಾಲಿ ಬಿಟ್ಟು ಎದ್ದ. ಯಂತ್ರ ಚೀಟಿಯನ್ನು ನುಂಗಿತು. ಒಂದೇ ಹುದ್ದೆಗೆ ಇಬ್ಬರನ್ನು ತುಂಬಿದ್ದರೆ ಯಂತ್ರ ವಾಪಸ್ ಉಗುಳುತ್ತಿತ್ತು. ಖಾಲಿ ಬಿಟ್ಟರೆ ಏನೂ ಅನ್ನುವುದಿಲ್ಲ. ಎಣಿಕೆಯ ಸಂಖ್ಯೆ ಒಂದು ಜಾಸ್ತಿ ಆಯಿತು, ‘ನಾನು ವೋಟು ಹಾಕಿದೆ’ ಅನ್ನೋ ಸ್ಟಿಕ್ಕರ್ ಕೊಟ್ಟರು.

ಅರ್ಧ ಮೋಸ ಮಾಡುವುದಕ್ಕಿಂತ ಏನೂ ಮಾಡದೇ ಇರುವುದು ಒಳ್ಳೆಯದು ಅಂತ ಆ ಕ್ಷಣಕ್ಕೆ ಅವನಿಗೆ ಅನ್ನಿಸಿತ್ತು. ನನಗೆ ಇದು ಅರ್ಥವಾಗುತ್ತದೆ. ಒಪ್ಪಿಗೆ ಇಲ್ಲ.

10,704

ನವೆಂಬರ್ 28ರಂದು ಮಿಷಿಗನ್ ಅಧಿಕೃತ ಲೆಕ್ಕ ಕೊಟ್ಟಿತು. ಟ್ರಂಪ್ 22,79,543, ಕ್ಲಿಂಟನ್ 22,68,839. ಅಂತರ 10,704. ಜಾನ್ಸನ್‌ಗೆ 1,72,136, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ 51,463. ಮತ್ತು ಅಧ್ಯಕ್ಷರ ಚೌಕವನ್ನು ಖಾಲಿ ಬಿಟ್ಟ ಚೀಟಿಗಳು 75,000ಕ್ಕೂ ಜಾಸ್ತಿ. 2012ರಲ್ಲಿ ಅಂಥವು 50,000ದ ಆಸುಪಾಸು ಇದ್ದವು. ಸ್ಟೈನ್ ಕೇಳಿದ ಮರುಎಣಿಕೆ ಡಿಸೆಂಬರ್‌ನಲ್ಲಿ ಶುರುವಾಗಿ ಎರಡು ಮೂರು ದಿನಕ್ಕೇ ಕೋರ್ಟಿನಲ್ಲಿ ನಿಂತುಹೋಯಿತು. ಬಸ್ಸಿನ ತೆರಿಗೆ ಸುಮಾರು 18,000 ವೋಟಿನಿಂದ ಬಿದ್ದುಹೋಯಿತು.

ಲೆಕ್ಕ ಬಂದ ಸಂಜೆ ರವಿ ಫೋನ್ ಮಾಡಿದ. ‘ಹಾಕಿದ್ಯಲ್ಲ ಅಣ್ಣ?’ ಶ್ರೀಧರ ಸುಳ್ಳು ಹೇಳಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಲಿಲ್ಲ. ರವಿ ಅಂದದ್ದು ಎರಡೇ ಮಾತು. ‘ನಾನು ನನ್ನ ವೋಟು ನಿನಗೆ ಕೊಟ್ಟೆ. ನೀನು ಅದನ್ನ ನೆಲಕ್ಕೆ ಚೆಲ್ಲಿದೆ.’ ಆಮೇಲೆ ಒಂದೂವರೆ ವರ್ಷ ಮಾತಿಲ್ಲ. ರವಿಯ ಮನೆಯ ಗೃಹಪ್ರವೇಶಕ್ಕೆ ಸುಮ ಒಬ್ಬಳೇ ಹೋಗಿ ಬಂದಳು.

ಇದನ್ನು ಹೇಗೆ ನೋಡಬೇಕು

ರವಿಯ ಸಿಟ್ಟಿನಲ್ಲಿ ಎರಡು ಬೇರೆ ಬೇರೆ ವಿಷಯಗಳು ಕಲಸಿಹೋಗಿವೆ. ಕೊಟ್ಟ ಮಾತು ತಪ್ಪಿದ್ದು ಒಂದು. ‘ನಿನ್ನಂಥವರಿಂದ ಸೋತೆವು’ ಅನ್ನೋದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದರ ಲೆಕ್ಕ ಕೂಡುವುದಿಲ್ಲ. ಖಾಲಿ ಬಿಟ್ಟ 75,000 ಜನರನ್ನೂ ಒಂದೇ ಬುಟ್ಟಿಗೆ ಹಾಕಿ ಕ್ಲಿಂಟನ್ ಕಡೆಗೆ ಸುರಿದರೆ ಗೆಲುವು ಸಿಗುತ್ತದೆ, ಹೌದು. ಆದರೆ ಇಬ್ಬರೂ ಇಷ್ಟವಿಲ್ಲ ಅಂದ ಆ ಶೇ 18 ಮಂದಿಯಲ್ಲಿ ಜಾಸ್ತಿ ಜನ ವೋಟು ಹಾಕಿದ್ದು ಟ್ರಂಪ್‌ಗೆ. ಖಾಲಿ ಬಿಟ್ಟವರನ್ನು ಕೈ ಹಿಡಿದು ತುಂಬಿಸಿದ್ದರೆ ಅಂತರ ಕಡಿಮೆಯಾಗುತ್ತಿತ್ತೋ ಹೆಚ್ಚಾಗುತ್ತಿತ್ತೋ ಹೇಳುವವರು ಯಾರು? ನಮ್ಮ ಕನ್ನಡ ಕೂಟದ ಎಷ್ಟೋ ಜಗಳಗಳಲ್ಲಿ ಈ ಅಂಕಿಯನ್ನು ದೊಣ್ಣೆಯ ಹಾಗೆ ಬೀಸಿದ್ದನ್ನು ನೋಡಿದ್ದೇನೆ. ಎರಡೂ ಕಡೆಯವರು.

ಖಾಲಿ ಚೌಕದ ತೊಂದರೆ ಬೇರೆಯೇ ಇದೆ. ಅದನ್ನು ಯಾರೂ ಓದುವುದಿಲ್ಲ. ಮರೆತು ಬಿಟ್ಟವನೋ, ಪೆನ್ನು ಸರಿಯಾಗಿ ಮೂಡದವನೋ, ಸಿಟ್ಟಿನಿಂದ ಬಿಟ್ಟವನೋ ಅನ್ನೋದು ಯಂತ್ರಕ್ಕೆ ಗೊತ್ತಿಲ್ಲ. ಶ್ರೀಧರ ಒಂದು ಹೇಳಿಕೆ ಕೊಟ್ಟೆ ಅಂದುಕೊಂಡಿದ್ದ. ದಾಖಲೆಯಲ್ಲಿ ಅದು ಬರೀ ಒಂದು ಕಳೆಯುವ ಲೆಕ್ಕ, ಒಟ್ಟು ಚೀಟಿಯಲ್ಲಿ ಬಿದ್ದ ವೋಟು ಕಳೆದರೆ ಉಳಿದದ್ದು. 2008ರ ಆ ತುಮಕೂರಿನ ಹುಡುಗ ಊರವರಿಂದ ಮಾತು ಕೇಳಿರಬಹುದು, ಆದರೆ ಅವನು ಅಂದದ್ದು ಅಕ್ಷರದಲ್ಲಿ ಉಳಿದಿತ್ತು.

ಅದಲುಬದಲಿನ ವಿಷಯದಲ್ಲಿ ನನಗೆ ಕಂಡದ್ದು ಇಷ್ಟು. ಹಣ ಇಲ್ಲ, ಪತ್ರ ಇಲ್ಲ, ಸಾಕ್ಷಿ ಇಲ್ಲ. ಎರಡು ಗುಟ್ಟಿನ ವೋಟುಗಳ ನಡುವೆ ನಂಬಿಕೆ ಒಂದೇ ಸೇತುವೆ. ಅಂಥದ್ದರಲ್ಲಿ ಒಬ್ಬ ಮೊದಲು ಹಾಕಿ, ಇನ್ನೊಬ್ಬ ಮೂರು ವಾರ ಬಿಟ್ಟು ಹಾಕುವುದು ದೊಡ್ಡ ಅಪಾಯ. ಆ ಮೂರು ವಾರದಲ್ಲಿ ಕೋಮಿ ಪತ್ರ ಬಂತು. ಇನ್ನೇನೋ ಬರಬಹುದಿತ್ತು. ಯಾರಾದರೂ ಮಾಡಿಕೊಳ್ಳುವುದೇ ಆದರೆ ‘ಮನಸ್ಸು ಬದಲಾದರೆ ಇಂಥ ದಿನದೊಳಗೆ ಹೇಳಬೇಕು, ಅಲ್ಲಿವರೆಗೆ ಇಬ್ಬರೂ ಹಾಕಬಾರದು’ ಅಂತ ಮಾತಾಡಿಕೊಳ್ಳಲಿ. ‘ಸರಿ, ನೋಡೋಣ’ ಅಂದರೆ ಇಲ್ಲ ಅಂತಲೇ ತಿಳಿಯಲಿ.

ಇಷ್ಟವಿಲ್ಲದ ಇಬ್ಬರಲ್ಲಿ ಒಬ್ಬರನ್ನು ಆರಿಸಲೇಬೇಕಾದ ಇಕ್ಕಟ್ಟು ಚೀಟಿಯ ರಚನೆಯಿಂದಲೂ ಬರುತ್ತದೆ. ಅದೇ ನವೆಂಬರ್ 8ರಂದು ಮೇಯ್ನ್ ರಾಜ್ಯದ ಜನ, ಒಂದನೇ ಆಯ್ಕೆ, ಎರಡನೇ ಆಯ್ಕೆ ಅಂತ ಕ್ರಮವಾಗಿ ಬರೆಯುವ ಪದ್ಧತಿಗೆ ಒಪ್ಪಿಗೆ ಕೊಟ್ಟರು. 2020ರಲ್ಲಿ ಅಧ್ಯಕ್ಷರನ್ನು ಆರಿಸಲೂ ಅದನ್ನು ಬಳಸಿದರು. ಅಂಥ ಚೀಟಿ ಮಿಷಿಗನ್‌ನಲ್ಲಿ ಇದ್ದಿದ್ದರೆ ಶ್ರೀಧರ ಜಾನ್ಸನ್ ಒಂದು, ಇನ್ಯಾರೋ ಎರಡು ಅಂತ ಬರೆದು ಹಾಯಾಗಿ ಬರುತ್ತಿದ್ದ. ರವಿಯ ಹಂಗೇ ಬೇಕಿರಲಿಲ್ಲ.

ಆಮೇಲೆ

2018ರಲ್ಲಿ ಮಿಷಿಗನ್ ಮತದಾರರು ಒಂದು ತಿದ್ದುಪಡಿ ಮಾಡಿಕೊಂಡರು. ಈಗ ಕಾರಣ ಕೊಡದೆಯೇ ಯಾರು ಬೇಕಾದರೂ ಮನೆಯಲ್ಲೇ ಚೀಟಿ ತುಂಬಿ ಕಳಿಸಬಹುದು. ರವಿ ಮತ್ತು ಶ್ರೀಧರ ಅದೇ ವರ್ಷ ಒಂದು ಮದುವೆ ಮನೆಯ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತು ಮಾತಾಡಿದರು. ಕ್ಷಮೆ ಅಂತ ಯಾರೂ ಕೇಳಲಿಲ್ಲ. ‘ಹೋಳಿಗೆಗೆ ತುಪ್ಪ ಹಾಕಿಸ್ಕೋ’ ಅಂದನಂತೆ ರವಿ.

ಶ್ರೀಧರ ಈಗ ಪ್ರೈಮರಿ ತಪ್ಪಿಸುವುದಿಲ್ಲ. 2024ರ ಫೆಬ್ರವರಿ 27ರ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ‘ಅನ್‌ಕಮಿಟೆಡ್’ ಸಾಲಿಗೆ 1 ಲಕ್ಷಕ್ಕೂ ಹೆಚ್ಚು ವೋಟು ಬಿದ್ದವು, ಶೇ 13ರಷ್ಟು. ಗಾಜಾ ವಿಷಯಕ್ಕೆ ಬೈಡನ್ ಮೇಲಿದ್ದ ಸಿಟ್ಟು ಅದು, ದೇಶವೆಲ್ಲ ಸುದ್ದಿಯಾಯಿತು. ಅವತ್ತು ಅವನು ನನಗೆ ಚೀಟಿಯ ಮಾದರಿಯ ಫೋಟೋ ಕಳಿಸಿ, ಆ ಸಾಲಿಗೆ ಕೆಂಪು ಗೆರೆ ಎಳೆದು ಬರೆದಿದ್ದ: ‘ಅಪ್ಪ ಕೇಳಿದ ಷರಾ ಕಾಲಂ.’

ಬಸ್ಸಿನ ಕಥೆಯೂ ಅಲ್ಲಿಗೇ ನಿಲ್ಲಲಿಲ್ಲ. 2022ರ ನವೆಂಬರ್‌ನಲ್ಲಿ ಓಕ್‌ಲ್ಯಾಂಡ್ ಕೌಂಟಿ ತನ್ನದೇ ಬಸ್ಸು ತೆರಿಗೆಯನ್ನು ಜನರ ಮುಂದಿಟ್ಟಿತು. ಈ ಸಲ ಗೆದ್ದಿತು. ಹೊರಗುಳಿದಿದ್ದ ಊರುಗಳಿಗೂ ಬಸ್ಸು ಬರತೊಡಗಿತು. ಸುಮ ಒಂದು ಬೆಳಗ್ಗೆ ಹಿಮದ ನಡುವೆ ನಿಂತ ನಿಲ್ದಾಣದ ಕಂಬದ ಫೋಟೋ ತೆಗೆದು ತುಮಕೂರಿಗೆ ಕಳಿಸಿದಳು. ಮೇಷ್ಟ್ರು ರಾತ್ರಿ ಫೋನ್ ಮಾಡಿ ಕೇಳಿದ್ದು ಒಂದೇ: ‘ಎಷ್ಟು ಹೊತ್ತಿಗೊಂದು ಬರುತ್ತಂತೆ?’